ಗೆರೆ ಕಾಣದ ಬೆರಳು

ಐದನೇ ಸಲವೂ ಬೆರಳಚ್ಚಿನ ಯಂತ್ರ ಕೆಂಪು ದೀಪ ತೋರಿಸಿತು. ಆಫ್ರಿಕಾದ ಒಂದು ವಿಮಾನ ನಿಲ್ದಾಣದಲ್ಲಿ, ಕೆಲಸದ ಪರವಾನಗಿ ಕೊಡುವ ಕೌಂಟರಿನ ಮುಂದೆ ನಿಂತಿದ್ದೆ. ಅಲ್ಲಿನ ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವ ಹದ ಕಲಿಸಲು ಮಾನ್ವಿಯಿಂದ ಹೋಗಿದ್ದೆ. ಬೆರಳಚ್ಚು ಮೂಡದಿದ್ದರೆ ಪರವಾನಗಿ ಇಲ್ಲ, ಮುಂದಿನ ವಿಮಾನಕ್ಕೆ ವಾಪಸ್. ಕ್ರಮವಾಗಿ ಜೋಡಿಸಿದ್ದ ದಾಖಲೆಗಳ ಫೈಲನ್ನು ಮತ್ತೆ ಮುಂದಿಟ್ಟೆ. ಮಹಿಳಾ ಅಧಿಕಾರಿ ಅದನ್ನು ಪಕ್ಕಕ್ಕೆ ಸರಿಸಿ, ನನ್ನ ಕೈಗಳನ್ನು ಹಿಡಿದು ತಿರುಗಿಸಿ ನೋಡಿದರು. ಏನು ಹುಡುಕುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ.

“ಫೈಲ್ ಮುಚ್ಚರಿ ಯಪ್ಪಾ, ಆಕಿ ನಿಮ್ಮ ಭವಿಷ್ಯ ಹೇಳಾಕತ್ತಾಳ!” ಎಂದ ಜೊತೆಗಿದ್ದ ದೇವದುರ್ಗದ ಮೆಕ್ಯಾನಿಕ್ ಬಸಣ್ಣ. ಆಮೇಲೆ ಆಕೆಯತ್ತ ತಿರುಗಿ, ಬೆರಳಿಗೆ ಬೆರಳು ಉಜ್ಜಿ ತೋರಿಸುತ್ತ ಕನ್ನಡದಲ್ಲೇ ಹೇಳಿದ: “ನಲವತ್ತ್ ವರ್ಷ ಹದ ನೋಡಾಕ ಬಿಸಿ ಭತ್ತ ಉಜ್ಜಿದ ಕೈ ರೀ ಇವು. ಗೆರಿ ಎಲ್ಲಿಂದ ಬರಬೇಕು?”

ಅವನ ಸನ್ನೆ ನೋಡಿ ಆಕೆ ನಕ್ಕರು. ಬೆರಳಚ್ಚಿನ ಖಾಲಿ ಜಾಗದಲ್ಲಿ ತಮ್ಮ ಭಾಷೆಯಲ್ಲಿ ಒಂದು ಸಾಲು ಬರೆದು, ಮೊಹರು ಒತ್ತಿ ಪರವಾನಗಿ ಕೊಟ್ಟರು.

ಆ ಸಾಲನ್ನು ಗಿರಣಿಯವರಿಂದ ಓದಿಸಬಹುದಿತ್ತು, ಓದಿಸಲಿಲ್ಲ. ‘ಬೆರಳು ಕೆಟ್ಟಿವೆ’ ಎಂದು ಬರೆದರೋ, ‘ಕೆಲಸ ಬಲ್ಲವನು’ ಎಂದು ಬರೆದರೋ ಎಂಬ ಗೊಂದಲದೊಂದಿಗೇ ಕೆಲಸ ಮುಗಿಸಿ ಊರಿಗೆ ಮರಳಿದೆ.