ಏಳು ನಿಮಿಷ ಐವತ್ತೆರಡು ಸೆಕೆಂಡು

ನನ್ನನ್ನು ಬಲ್ಲವರು ಇದನ್ನು ಓದಿದರೆ ಮೊದಲು ನಗುತ್ತಾರೆ. ನಗುವ ಹಕ್ಕು ಅವರಿಗಿದೆ. ಯಾರಾದರೂ ‘ನನಗೆ ಒಮ್ಮೆ ಹೀಗಾಗಿತ್ತು’ ಎಂದು ದನಿ ತಗ್ಗಿಸಿದರೆ ಸಾಕು, ‘ಪುರಾವೆ ಎಲ್ಲಿ?’ ಎಂದು ನಡುವೆ ಬಾಯಿ ಹಾಕುತ್ತಿದ್ದವನು ನಾನು. ಕುವೈತಿನ ಶಾಲೆಯಲ್ಲಿ ಆರು ವರ್ಷ ಡಿಬೇಟ್ ಮಾಡಿದ್ದೇನೆ. ಎದುರಾಳಿಯ ಮಾತಿನಲ್ಲಿ ಸಡಿಲವಾದ ಎಳೆ ಯಾವುದು ಎಂದು ಹುಡುಕಿ, ಹಿಡಿದು ಎಳೆಯುವುದು ಅಲ್ಲಿ ಕಲಿತ ವಿದ್ಯೆ. ಗೆದ್ದ ಕಪ್ಪುಗಳು ಇನ್ನೂ ಮನೆಯ ಶೋಕೇಸಿನಲ್ಲಿವೆ. ನಾನು ಈಗಲೂ ದೆವ್ವ ನಂಬುವುದಿಲ್ಲ, ಜಾತಕ ನಂಬುವುದಿಲ್ಲ. ಆದರೆ ನಾಲ್ಕು ವರ್ಷದ ಹಿಂದಿನ ಒಂದು ಶುಕ್ರವಾರ ನನಗೆ ಇನ್ನೂ ಬಗೆಹರಿದಿಲ್ಲ. ಬಗೆಹರಿಯದಿರುವುದಕ್ಕಿಂತ ಹೆಚ್ಚಾಗಿ, ಆಮೇಲೆ ನಾನು ನಡೆದುಕೊಂಡ ರೀತಿ ಕಾಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಶಿವಪ್ಪ ಕಾಕಾ ನನ್ನ ಅಪ್ಪನ ಸ್ನೇಹಿತರು, ಬಾಗಲಕೋಟೆ ಕಡೆಯವರು. ಕುವೈತಿನಲ್ಲಿ ಇಪ್ಪತ್ತೆಂಟು ವರ್ಷ ಮೆಕ್ಯಾನಿಕ್ ಆಗಿದ್ದವರು. ಅವರನ್ನು ಕರೆಸಿಕೊಂಡ ಕಫೀಲ್‌ಗೆ, ಅಂದರೆ ಅವರ ಮಾಲೀಕನಿಗೆ, ಕಾರು ಓಡಿಸುವ ಹುಚ್ಚು. ಆ ಮನುಷ್ಯ ಒಮ್ಮೆ ತನ್ನ ಕಾರನ್ನು ಜರ್ಮನಿಗೆ ಸಾಗಿಸಿ, ಅದರ ಜೊತೆಗೆ ಕಾಕಾರನ್ನೂ ಕರೆದುಕೊಂಡು ಹೋಗಿದ್ದನಂತೆ. ನ್ಯೂರ್ಬರ್ಗ್‌ರಿಂಗ್ ಎಂಬ ಹಳೆಯ ರೇಸಿನ ಹಾದಿಯಲ್ಲಿ ಕಾಕಾರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಒಂದೇ ಒಂದು ಸುತ್ತು ಹೊಡೆಸಿದ್ದನಂತೆ.

ಆ ಹಾದಿಯ ಬಗ್ಗೆ ಕಾರಿನ ಹುಚ್ಚಿದ್ದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಸ್ವಲ್ಪ ಹೇಳುತ್ತೇನೆ. ಸುಮಾರು ನೂರು ವರ್ಷದ ಹಿಂದೆ, ಕೆಲಸವಿಲ್ಲದ ಬಡ ಜನಕ್ಕೆ ಕೂಲಿ ಸಿಗಲೆಂದು ಬೆಟ್ಟಗಳ ನಡುವೆ ಕಡಿದ ರಸ್ತೆ ಅದು. ಒಂದು ಸುತ್ತಿಗೆ ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚು. ತಿರುವುಗಳು ಎಪ್ಪತ್ತೋ ಇನ್ನೂ ಹೆಚ್ಚೋ, ಎಣಿಸುವವರಲ್ಲೇ ಒಮ್ಮತವಿಲ್ಲ. ಒಂದು ತುದಿಯಲ್ಲಿ ಬಿಸಿಲು, ಇನ್ನೊಂದು ತುದಿಯಲ್ಲಿ ಮಳೆ. ಎಷ್ಟೋ ಜನ ಓಟಗಾರರು ಅಲ್ಲಿ ಜೀವ ಬಿಟ್ಟಿದ್ದಾರೆ. ಎಪ್ಪತ್ತರ ದಶಕದಲ್ಲಿ ಒಂದು ಕಾರು ಹೊತ್ತಿ ಉರಿದ ಮೇಲೆ ಅತಿ ದೊಡ್ಡ ರೇಸುಗಳು ಆ ಹಾದಿಗೆ ಬರುವುದನ್ನೇ ಬಿಟ್ಟವು. ಅಷ್ಟು ಉದ್ದದ ಕಾಡುಹಾದಿಯಲ್ಲಿ ಬಿದ್ದವನ ಬಳಿಗೆ ಸಹಾಯ ತಲುಪುವುದೇ ಕಷ್ಟ. ಆದರೂ ಕೆಲವು ದಿನ ಗೇಟು ತೆರೆಯುತ್ತಾರೆ. ಟಿಕೆಟ್ ಕೊಂಡು ಯಾರು ಬೇಕಾದರೂ ತಮ್ಮ ಗಾಡಿ ಓಡಿಸಬಹುದು. ಇದೆಲ್ಲ ನನಗೆ ಗೊತ್ತಿತ್ತು. ಕಂಪ್ಯೂಟರ್ ಗೇಮಿನಲ್ಲಿ ನಾನು ಆ ಹಾದಿಯನ್ನು ನೂರಾರು ಸಲ ಸುತ್ತಿದ್ದೆ.

ಕಾಕಾ ಸುತ್ತಿದ್ದು ಒಂದು ಸಲ. ಆದರೆ ಅಂದಿನಿಂದ, ಕುವೈತಿನ ರಜಾದಿನವಾದ ಪ್ರತಿ ಶುಕ್ರವಾರ ಬೆಳಿಗ್ಗೆ ಕಣ್ಣು ಮುಚ್ಚಿ ಕೂತು, ಕೈಯಲ್ಲೊಂದು ಹಳೆಯ ಸ್ಟಾಪ್‌ವಾಚ್ ಹಿಡಿದು, ಮನಸ್ಸಿನಲ್ಲೇ ಆ ಸುತ್ತನ್ನು ಪೂರ್ತಿ ಮುಗಿಸುತ್ತಿದ್ದರು. ತಿರುವುಗಳ ಜರ್ಮನ್ ಹೆಸರು ಅವರಿಗೆ ಬೇಕಿರಲಿಲ್ಲ. ಹಾವಿನ ನಡಿಗೆ, ನರಿ ಬಿಲ, ಬಾವಿ, ಕತ್ತೆ ಬೆನ್ನು ಎಂದು ತಾವೇ ಹೆಸರಿಟ್ಟಿದ್ದರು. ಅಪ್ಪ ಹೇಳುವಂತೆ, ಪ್ರತಿ ಸಲ ವಾಚು ಒಂಬತ್ತು ನಿಮಿಷ ನಲವತ್ತರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು.

ಆ ವರ್ಷ ಕಾಕಾರ ಇಕಾಮಾ, ಅಂದರೆ ಅಲ್ಲಿ ಇರಲು ಕೊಡುವ ಪರವಾನಗಿ, ಮುಗಿಯುತ್ತಿತ್ತು. ಖಾಯಂ ಊರಿಗೆ ಹೊರಟಿದ್ದರು. ಎರಡು ವಾರ ಬಿಟ್ಟು ಅಲ್ಲಿನ ಕನ್ನಡಿಗರು ಬೀಳ್ಕೊಡುಗೆ ಗೊತ್ತುಮಾಡಿದ್ದರು. ಶಾಲು, ಹಾರ, ಮತ್ತು ಕಾಕಾರ ಮಾತು. ಮಕ್ಕಳ ಮುಂದೆ ಆ ಒಂದು ಸುತ್ತಿನ ಕಥೆ ಹೇಳುತ್ತೇನೆ ಎಂದು ಅವರೇ ಒಪ್ಪಿಕೊಂಡಿದ್ದರು. ಜೀವಮಾನವಿಡೀ ಕಾರುಗಳ ಅಡಿಯಲ್ಲಿ ಮಲಗಿದ್ದ ಮನುಷ್ಯ ಮೈಕಿನ ಮುಂದೆ ನಿಲ್ಲುವುದು ಅದೇ ಮೊದಲು. ಚೀಟಿಯಲ್ಲಿ ಬರೆದುಕೊಂಡು ತಯಾರಿ ಮಾಡುತ್ತಿದ್ದರು.

ಆ ಶುಕ್ರವಾರ ಫಿಂಟಾಸಿನ ನಮ್ಮ ಫ್ಲ್ಯಾಟಿನಲ್ಲಿ ನಾಷ್ಟಾ. ಅವ್ವ ಮಾಡಿದ ಮಂಡಕ್ಕಿ ಸೂಸಲ, ಮಿರ್ಚಿ. ಅಪ್ಪ, ಕಾಕಾ, ಪಕ್ಕದ ಫ್ಲ್ಯಾಟಿನ ಲ್ಯಾನ್ಸಿ ಅಂಕಲ್, ಇನ್ನೂ ನಾಲ್ಕೈದು ಜನ. ಮಾತು ಬೀಳ್ಕೊಡುಗೆಯ ಕಡೆ ಹೊರಳಿತು. ನಾನು ನನ್ನ ವಿದ್ಯೆ ತೆಗೆದೆ.

ಒಂದೇ ಸುತ್ತಿನಲ್ಲಿ ಇಪ್ಪತ್ತು ಕಿಲೋಮೀಟರ್ ಯಾರ ತಲೆಯಲ್ಲೂ ಉಳಿಯುವುದಿಲ್ಲ, ಫೋನಿನಲ್ಲಿ ವಿಡಿಯೋ ನೋಡಿ ಕಲಿತಿರಬೇಕು ಎಂದೆ. ಕಾಕಾ ನಕ್ಕರು. ಹೋಗಿದ್ದು ಯಾವ ವರ್ಷ ಎಂದೆ. ಸ್ವಲ್ಪ ತಡವರಿಸಿದರು. ಯಾವ ತಿಂಗಳು? ಚಳಿ ಇತ್ತು ಎಂದರು. ಜೊತೆಗಿದ್ದವರು ಯಾರು? ಕಫೀಲ್ ಒಬ್ಬನೇ, ಅವನು ತೀರಿಹೋಗಿ ಆರು ವರ್ಷವಾಯಿತು. ಆಗ ನಾನು ಕೇಳಿದೆ: “ಸರಿ ಕಾಕಾ, ಪಾಸ್‌ಪೋರ್ಟ್ ತೋರಿಸಿ. ಜರ್ಮನಿಯ ಸೀಲು ಇರಲೇಬೇಕಲ್ಲ?”

ಕಾಕಾ ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗೆ ಇಟ್ಟರು. ಆ ಕಾಲದ ಪಾಸ್‌ಪೋರ್ಟುಗಳು ಕಫೀಲರ ಕಪಾಟಿನಲ್ಲಿ ಇರುತ್ತಿದ್ದವು. ಎಷ್ಟೋ ಜನರಿಗೆ ಹಳೆಯ ಪುಸ್ತಕ ವಾಪಸು ಸಿಗಲೇ ಇಲ್ಲ. ನನ್ನ ಅಪ್ಪನದ್ದೂ ಹಾಗೇ ಹೋಗಿದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ. ಡಿಬೇಟಿನಲ್ಲಿ ಇದಕ್ಕೂ ಅಂಕ ಸಿಗುತ್ತದೆ: ಎದುರಾಳಿ ಉತ್ತರಿಸಲಾರದ ಪ್ರಶ್ನೆ, ಅದು ನ್ಯಾಯವೋ ಅಲ್ಲವೋ, ಪ್ರಶ್ನೆಯೇ.

“ಎಂತ ಮಾರಾಯ, ಕೋರ್ಟಾ ಇದು? ಅವರಿಗೆ ಮಿರ್ಚಿ ತಿನ್ಲಿಕ್ಕಾದರೂ ಬಿಡು,” ಎಂದರು ಲ್ಯಾನ್ಸಿ ಅಂಕಲ್. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

ನಾನು ಅಲ್ಲಿಗೂ ಬಿಡಲಿಲ್ಲ. ಪರೀಕ್ಷೆ ಮಾಡೋಣ ಎಂದೆ. ಆ ಹಾದಿಯ ವಿಡಿಯೋ ಟೀವಿಯಲ್ಲಿ ಹಾಕುತ್ತೇನೆ, ಕಾಕಾ ಟೀವಿಗೆ ಬೆನ್ನು ಮಾಡಿ ಕೂತು ಸುತ್ತು ಹೇಳಲಿ. ಸ್ಟಾಪ್‌ವಾಚ್ ನನ್ನ ಕೈಗೆ ಕೊಡಲಿ. ಕಾಕಾ ಒಪ್ಪಿದರು. ಸೂಸಲ ತಿಂದ ಸ್ಟೀಲ್ ತಟ್ಟೆಯನ್ನೇ ಸ್ಟೇರಿಂಗಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು. “ಹೊಂಟಿವಿ,” ಎಂದರು. ನಾನು ಗುಂಡಿ ಒತ್ತಿದೆ.

ಎಡಕ್ಕ, ಬಲಕ್ಕ, ಮತ್ತ ಎಡಕ್ಕ. ಏರು. ಎಕ್ಸಲೇಟರ್ ಬಿಡಬ್ಯಾಡ. ನರಿ ಬಿಲ ಬಂತು, ಹೊಟ್ಟಿ ಗಟ್ಟಿ ಹಿಡಿ. ತಟ್ಟೆ ತಿರುಗುತ್ತಿತ್ತು, ಮೈ ವಾಲುತ್ತಿತ್ತು. ಮೊದಲು ಕಿಸಕ್ಕೆಂದವರು ಆಮೇಲೆ ಟೀವಿಯತ್ತ ಬಗ್ಗಿ ಕೂತರು. ಟೀವಿಯಲ್ಲಿನ ಕಾರು ಕೊಂಚ ಮುಂದೋ ಹಿಂದೋ ಇರುತ್ತಿತ್ತು ಅಷ್ಟೇ, ಒಂದು ತಿರುವೂ ತಪ್ಪಲಿಲ್ಲ. ಸಿಮೆಂಟಿನ ಇಳಿಜಾರು ಇರುವ ಆ ಪ್ರಸಿದ್ಧ ತಿರುವಿಗೆ, ಅವರ ‘ಬಾವಿ’ಗೆ, ಕಾಕಾ ಮೈ ಮುದುಡಿದ ರೀತಿಯನ್ನು ವಿಡಿಯೋ ನೋಡಿ ಕಲಿಯಲು ಆಗುವುದಿಲ್ಲ. ಅದು ನನಗೆ ಆಗಲೇ ಅನ್ನಿಸಿತು. ಅನ್ನಿಸಿದ್ದನ್ನು ನಾನು ಹೇಳಲಿಲ್ಲ.

ಬಾವಿ ದಾಟಿ, ಏರಿ, ಇಳಿದು, ಕತ್ತೆ ಬೆನ್ನಿನ ಹತ್ತಿರ ಬಂದರು. ಅದು ಕುರುಡು ಏರು, ಆಚೆಗೆ ಏನಿದೆ ಎಂದು ಕಾಣುವುದಿಲ್ಲ. ಅಲ್ಲಿ ಕಾಕಾ ತಟ್ಟೆಯನ್ನು ಎದೆಗೆ ಒತ್ತಿಕೊಂಡರು.

“ನಿಂದರು. ಆಕಡಿ ಗಾಡಿ ಅಡ್ಡ ಬಿದ್ದೈತಿ.”

ಕಣ್ಣು ತೆರೆದರು. ಮುಖ ಬೆವೆತಿತ್ತು. ನಾನು ವಾಚು ನಿಲ್ಲಿಸಿದೆ. ಟೀವಿಯಲ್ಲಿ ಹಾದಿ ಖಾಲಿಯಿತ್ತು. ಮುಂದೆ ಹೇಳಿ ಎಂದೆ. “ಯಾಕೋ ಮುಂದ ಹೋಗಾಕ ಆಗವಲ್ದು ತಮ್ಮಾ,” ಎಂದರು.

ನನಗೆ ಅಷ್ಟೇ ಬೇಕಿತ್ತು. ವಾಚನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದೆ. ಏಳು ನಿಮಿಷ ಐವತ್ತೆರಡು ಸೆಕೆಂಡು. ಕಾಕಾರ ವಿಡಿಯೋ ಇಲ್ಲಿಗೆ ಖಲಾಸ್ ಎಂದೆ. ಈ ಸಲ ಜೋರಾಗಿ ನಕ್ಕರು. ಕಾಕಾ ತಟ್ಟೆ ತೊಳೆದಿಟ್ಟು, ಅವ್ವನಿಗೆ ಹೇಳಿ, ಹೊರಟುಹೋದರು. ಸ್ಟಾಪ್‌ವಾಚ್ ಮೇಜಿನ ಮೇಲೇ ಉಳಿಯಿತು.

ಮಧ್ಯಾಹ್ನ ಮೂರಕ್ಕೆ ಅವ್ವ ನನ್ನನ್ನು ವಫ್ರಾಕ್ಕೆ ಕಳಿಸಿದಳು. ಅಲ್ಲಿನ ತೋಟಗಳಿಂದ ಬದನೆಕಾಯಿ, ಮೆಂತ್ಯ ತರುವುದು ನಮ್ಮ ಮನೆಯ ಶುಕ್ರವಾರದ ರೂಢಿ. ಧೂಳು ಎದ್ದಿತ್ತು, ಆಕಾಶ ಚಹಾದ ಬಣ್ಣ. ರಸ್ತೆ ಖಾಲಿ. ನಾನು ವೇಗವಾಗಿಯೇ ಹೋಗುತ್ತಿದ್ದೆ. ಮುಂದೆ ಒಂದು ಮೇಲ್ಸೇತುವೆ. ಆ ಸಪಾಟು ನೆಲದಲ್ಲಿ ಏರು ಎನ್ನುವುದೇನಾದರೂ ಇದ್ದರೆ ಅದೊಂದೇ. ಅದರ ನೆತ್ತಿ ತಲುಪುವ ಮೊದಲೇ ನಾನು ಬ್ರೇಕ್ ಒತ್ತಿದೆ. ಯಾಕೆ ಒತ್ತಿದೆ ಎಂದು ಕೇಳಬೇಡಿ. ಎದುರಿಗೆ ಏನೂ ಕಂಡಿರಲಿಲ್ಲ. ಕಾರು ನೆತ್ತಿಯ ಮೇಲೆ ಬಂದು ನಿಂತಿತು. ಆಚೆಯ ಇಳಿಜಾರಿನಲ್ಲಿ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಒಂದು ಪಿಕಪ್ ರಸ್ತೆಗೆ ಅಡ್ಡವಾಗಿ ಮಗುಚಿ ಬಿದ್ದಿತ್ತು. ಸೌತೆಕಾಯಿಯ ಪೆಟ್ಟಿಗೆಗಳು ಚೆಲ್ಲಾಡಿದ್ದವು. ತೋಟದ ಕೆಲಸಗಾರರಿಬ್ಬರು ಒಳಗಿಂದ ತೆವಳಿ ಹೊರಗೆ ಬರುತ್ತಿದ್ದರು. ನಾನು ಬಂದ ವೇಗದಲ್ಲೇ ಬಂದಿದ್ದರೆ ಅವರಿಬ್ಬರ ಮೇಲೇ ಹೋಗುತ್ತಿದ್ದೆ.

ಇಂಡಿಕೇಟರ್ ಹಾಕಿ, ಇಳಿದು, ಅವರನ್ನು ಬದಿಗೆ ಕೂರಿಸಿ ನೀರು ಕೊಟ್ಟೆ. ಒಬ್ಬನ ಹಣೆ ಒಡೆದಿತ್ತು, ಬೇರೇನಿಲ್ಲ. ಪೊಲೀಸರು ಬಂದರು. ಬದನೆಕಾಯಿ ತಂದು, ದಾರಿಯಲ್ಲಿ ಟ್ರಾಫಿಕ್ ಇತ್ತು ಎಂದು ಮನೆಯಲ್ಲಿ ಹೇಳಿದೆ. ಈ ವಿಷಯದಲ್ಲಿ ನನ್ನ ಮೊದಲ ಸುಳ್ಳು ಅದು.

ಸಂಜೆ ಕಾರಿನ ಡ್ಯಾಶ್‌ಕ್ಯಾಮಿನ ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದೆ. ನಾಳೆ ಪೊಲೀಸರು ಕೇಳಿದರೆ ಇರಲಿ ಎಂದು ಅಷ್ಟೇ. ಅದರಲ್ಲಿ ರಸ್ತೆ ಮಾತ್ರವಲ್ಲ, ಕಾರಿನೊಳಗಿನ ದನಿಯೂ ಸೇರುತ್ತದೆ. ವಫ್ರಾ ರಸ್ತೆಗೆ ತಿರುಗಿದ ಸ್ವಲ್ಪ ಹೊತ್ತಿಗೆ ಒಂದು ದನಿ “ಹೊಂಟಿವಿ” ಎಂದಿತು.

ದನಿ ನನ್ನದು. ಅನುಮಾನವಿಲ್ಲ, ಆರು ವರ್ಷ ಮೈಕಿನಲ್ಲಿ ಕೇಳಿದ ದನಿ. ಆದರೆ ನಾನು ಹಾಗೆ ಮಾತಾಡುವವನಲ್ಲ. ಅವ್ವ ಹಟ ಹಿಡಿದು ಓದು ಬರಹ ಕಲಿಸಿದ್ದರಿಂದ ಪುಸ್ತಕದ ಕನ್ನಡ ಬರೆಯಬಲ್ಲೆ. ಮನೆಯಲ್ಲಿ ಅಪ್ಪ ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೇ ಬೆಳೆದವನು. ಆ ದನಿ ಮಾತ್ರ ನಿಧಾನವಾಗಿ, ಬಾಗಲಕೋಟೆಯ ಕನ್ನಡದಲ್ಲಿ, ಒಂದೊಂದೇ ತಿರುವು ಹೇಳುತ್ತಿತ್ತು. ಎಡಕ್ಕ. ಏರು. ಎಕ್ಸಲೇಟರ್ ಬಿಡಬ್ಯಾಡ. ಪರದೆಯ ಮೇಲೆ ನೇರವಾದ ಮರಳುಗಾಡಿನ ರಸ್ತೆ. ನರಿ ಬಿಲ. ಬಾವಿ. ಆಮೇಲೆ ಮೇಲ್ಸೇತುವೆ ಕಾಣಿಸಿತು, ದನಿ “ನಿಂದರು. ಆಕಡಿ ಗಾಡಿ ಅಡ್ಡ ಬಿದ್ದೈತಿ” ಎಂದಿತು, ಕಾರು ಮುಗ್ಗರಿಸಿ ನಿಂತಿತು. ಒಂದು ಕ್ಷಣ ಬಿಟ್ಟು, ಬೆಳಿಗ್ಗೆ ಕಾಕಾ ಹೇಳದೇ ಇದ್ದ ಒಂದು ಮಾತನ್ನು ನನ್ನದೇ ದನಿ ನನಗೆ ಹೇಳಿತು: “ಚೊಲೋ ಆತು ತಮ್ಮಾ. ಇಳದು ಅವರನ್ನ ನೋಡು.”

ಇದರಲ್ಲಿ ಒಂದು ಪದವೂ ಆಡಿದ ನೆನಪು ನನಗಿಲ್ಲ.

ಚಿತ್ರದ ಮೂಲೆಯಲ್ಲಿ ಗಡಿಯಾರ ಓಡುತ್ತಿರುತ್ತದೆ. ‘ಹೊಂಟಿವಿ’ಯಿಂದ ‘ನಿಂದರು’ವರೆಗೆ ಎಷ್ಟು ಎಂದು ಲೆಕ್ಕ ಹಾಕಿದೆ. ಮೂರು ಸಲ ಹಾಕಿದೆ. ಎಷ್ಟಿತ್ತು ಎಂದು ನಿಮಗೀಗ ಗೊತ್ತಿದೆ. ಆ ಅಂಕಿಯನ್ನು ಬೆಳಿಗ್ಗೆ ಎಲ್ಲರ ಮುಂದೆ ಕೂಗಿ ಹೇಳಿದ್ದವನು ನಾನೇ.

ನಾನು ನನ್ನ ವಿರುದ್ಧವೇ ವಾದಿಸಿ ನೋಡಿದ್ದೇನೆ. ಬೆಳಿಗ್ಗೆ ಕೇಳಿದ್ದು ತಲೆಯಲ್ಲಿ ಉಳಿದು, ಗೊತ್ತಿಲ್ಲದೆ ಬಾಯಿಗೆ ಬಂದಿರಬಹುದು. ಅದೇ ಲಯದಲ್ಲಿ ಬಂದಿದ್ದರಿಂದ ಅಷ್ಟೇ ಹೊತ್ತು ಹಿಡಿದಿರಬಹುದು. ಏರು ಕಂಡಿದ್ದಕ್ಕೆ ಕತ್ತೆ ಬೆನ್ನು ನೆನಪಾಗಿ ಕಾಲು ಬ್ರೇಕಿಗೆ ಹೋಗಿರಬಹುದು. ಎಲ್ಲ ಒಪ್ಪುತ್ತೇನೆ. ಆದರೆ ಪಿಕಪ್? ಅದು ಬಿದ್ದಿದ್ದು ನಾನು ಬರುವ ಎರಡು ನಿಮಿಷ ಮೊದಲು ಎಂದು ಆ ಕೆಲಸಗಾರರೇ ಹೇಳಿದರು. ಕಾಕಾ ಅದನ್ನು ಕಂಡಿದ್ದು ಅದಕ್ಕೂ ಐದಾರು ತಾಸು ಹಿಂದೆ. ಇಲ್ಲಿಗೆ ಬಂದಾಗ ನನ್ನ ವಾದ ಪ್ರತಿ ಸಲ ನಿಲ್ಲುತ್ತದೆ.

ಇನ್ನು ನಾಚಿಕೆಯ ಭಾಗ. ಆ ಕ್ಯಾಮೆರಾದ ಕಾರ್ಡ್ ನಾಲ್ಕೈದು ದಿನದಲ್ಲಿ ತುಂಬುತ್ತದೆ, ಆಮೇಲೆ ಹಳೆಯದರ ಮೇಲೆ ಹೊಸದು ಬರುತ್ತದೆ. ಉಳಿಸಿಕೊಳ್ಳಬೇಕಾದರೆ ಒಂದು ಗುಂಡಿ ಒತ್ತಬೇಕು. ಅಥವಾ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಕು, ಎರಡು ನಿಮಿಷದ ಕೆಲಸ. ನಾನು ಎರಡನ್ನೂ ಮಾಡಲಿಲ್ಲ. ಕಾರ್ಡನ್ನು ಮತ್ತೆ ಕ್ಯಾಮೆರಾಕ್ಕೆ ಹಾಕಿ ಶನಿವಾರ ಕಾರು ತೆಗೆದೆ, ಭಾನುವಾರ ಇಲ್ಲಿ ಕೆಲಸದ ದಿನ, ಆಫೀಸಿಗೆ ಹೋದೆ, ಸೋಮವಾರ ಹೋದೆ. ಅಳಿಸಲಿಲ್ಲ, ಅಳಿಸಿಹೋಗಲು ಬಿಟ್ಟೆ. ಪುರಾವೆ ಎಲ್ಲಿ ಎಂದು ಊರವರನ್ನೆಲ್ಲ ಕೇಳಿದವನ ಕೈಗೆ ಜೀವಮಾನಕ್ಕೊಮ್ಮೆ ಪುರಾವೆ ಸಿಕ್ಕಿತ್ತು. ಅದನ್ನು ತೋರಿಸಿದರೆ ನಾನು ಸೋತಂತೆ. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ. ಪೊಲೀಸರು ಕೇಳಲೇ ಇಲ್ಲ.

ಬೀಳ್ಕೊಡುಗೆಯ ದಿನ ಕಾಕಾ ಶಾಲು ಹೊದಿಸಿಕೊಂಡರು. ಮಾತಾಡಿ ಎಂದಾಗ ಕೈ ಮುಗಿದು, ಎಲ್ಲರಿಗೂ ಶರಣು ಎಂದಷ್ಟೇ ಹೇಳಿ ಕೂತರು. ಚೀಟಿ ಜೇಬಿನಿಂದ ಹೊರಗೆ ಬರಲೇ ಇಲ್ಲ. ಮಕ್ಕಳು ಊಟಕ್ಕೆ ಓಡಿದವು.

ನಾನು ಸ್ಟಾಪ್‌ವಾಚ್ ಹಿಂದಿರುಗಿಸಲು ಹೋದೆ. ಮೆಟ್ಟಿಲ ಬಳಿ ಒಬ್ಬರೇ ನಿಂತಿದ್ದರು. ವಾಚು ತೆಗೆದುಕೊಂಡು, ಅದರ ಮೇಲಿನ ಅಂಕಿಯನ್ನೇ ನೋಡುತ್ತ ಕೇಳಿದರು:

“ತಮ್ಮಾ, ಅವತ್ತ ಶುಕ್ರವಾರ ನಿನಗ ಏನರ ಆಗಿತ್ತೇನು? ಗಾಡ್ಯಾಗ?”

ಬಾಯಿಯವರೆಗೆ ಬಂದಿತ್ತು. ಹಿಂದೆ ಅಪ್ಪ, ಲ್ಯಾನ್ಸಿ ಅಂಕಲ್, ಎಲ್ಲರೂ ಇದ್ದರು. ಒಂದು ಮಾತು ಹೇಳಿದ್ದರೆ ಕಾಕಾರ ಇಷ್ಟು ವರ್ಷದ ಮಾತು ನಿಜವೆಂದು ಎಲ್ಲರೂ ಒಪ್ಪುತ್ತಿದ್ದರು.

“ಇಲ್ಲ ಕಾಕಾ. ಏನೂ ಆಗಲಿಲ್ಲ,” ಎಂದೆ.

ಕಾಕಾ ವಾಚಿನ ಗುಂಡಿ ಒತ್ತಿ ಅಂಕಿಯನ್ನು ಸೊನ್ನೆಗೆ ತಂದರು.

“ಹಂಗಾರ ನನ್ನ ತಲೀನ ಕೆಟ್ಟಿತ್ತು ಬಿಡು. ನೀ ಅಂದದ್ದ ಖರೆ.” ನನ್ನ ಬೆನ್ನು ತಟ್ಟಿದರು. “ಗಾಡಿ ಹುಷಾರ್ ಹೊಡಿ.”

ಕಾಕಾ ಈಗ ಊರಲ್ಲಿದ್ದಾರೆ, ಚೆನ್ನಾಗಿದ್ದಾರೆ. ಶುಕ್ರವಾರ ಕಣ್ಣು ಮುಚ್ಚಿ ಕೂರುವುದನ್ನು ಬಿಟ್ಟಿದ್ದಾರೆ ಎಂದು ಅಪ್ಪ ಹೇಳಿದರು. ನಾನು ಈಗಲೂ ವಫ್ರಾಕ್ಕೆ ಹೋಗುತ್ತೇನೆ. ಆ ರಸ್ತೆಗೆ ತಿರುಗಿದ ಕೂಡಲೇ ‘ಹೊಂಟಿವಿ’ ಎಂದು ಗಟ್ಟಿಯಾಗಿ ಹೇಳಿ ನೋಡುತ್ತೇನೆ. ಗೇಮಿನಲ್ಲಿ ನೂರಾರು ಸಲ ಸುತ್ತಿದ ಹಾದಿ, ಎರಡನೆಯ ತಿರುವಿನಿಂದಾಚೆ ಮಾತು ಹೊರಡುವುದಿಲ್ಲ. ಮನೆಗೆ ಬಂದು ಕಾರ್ಡ್ ಹಾಕಿ ಕೇಳಿದರೆ ಎಸಿಯ ಸದ್ದು, ಟೈರಿನ ಸದ್ದು. ಈಗ ಪ್ರತಿ ಸಲ ಆ ಉಳಿಸುವ ಗುಂಡಿ ಒತ್ತುತ್ತೇನೆ. ಉಳಿಸಿಕೊಳ್ಳುವಂಥದ್ದು ಅದರಲ್ಲಿ ಏನೂ ಇರುವುದಿಲ್ಲ.