ನೇಮಿರಾಜಣ್ಣನ ಪಾಲು

ಇವತ್ತು ಬೆಳಿಗ್ಗೆ ಮೀನಿನವನ ಸ್ಕೂಟರ್ ಗೇಟಿನ ಹತ್ತಿರ ಹಾರ್ನ್ ಹೊಡೆಯಿತು. ಹೆಂಡತಿ ತಂದ ಬಂಗುಡೆಯ ವಾಸನೆ ಅಡುಗೆಮನೆ ದಾಟಿ, ನಾನು ಪೇಪರ್ ಓದುತ್ತಿದ್ದ ಚಾವಡಿಗೂ ಬಂತು. ಹಸಿ ಬಂಗುಡೆಯ ವಾಸನೆಗೆ ನಿಮಗೆ ತೆಂಗಿನಕಾಯಿ ಅರೆದ ಗಸಿ ನೆನಪಾಗಬಹುದು. ನನಗೆ ನೆನಪಾಗುವುದು ಜನ್ಮದಲ್ಲಿ ಒಂದು ಮೀನೂ ತಿನ್ನದ ನೇಮಿರಾಜಣ್ಣ.

ಅರವತ್ತರ ದಶಕದ ಮಾತು. ನೇಮಿರಾಜಣ್ಣ ಮೂಡುಬಿದಿರೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಜೈನರು. ನಾನು ಬಂಟ್ವಾಳದಲ್ಲಿ ಹೊಸದಾಗಿ ಮಾಸ್ತರನಾದವನು. ಬೆಳ್ತಂಗಡಿಯ ಡಾಕ್ಟರರಿಗೆ ಒಂದು ಹಳೆಯ ಕಾರಿತ್ತು. ನಾವು ಮೂವರು ಸೇರಿ ಒಂದು ಕ್ಯಾಮರಾ ಸಂಘ ಕಟ್ಟಿದ್ದೆವು. ಕಾರಿದ್ದವರು ಅಧ್ಯಕ್ಷರು, ಫೋಟೋ ತೆಗೆಯಲು ಬರುತ್ತಿದ್ದ ನೇಮಿರಾಜಣ್ಣ ಕಾರ್ಯದರ್ಶಿ. ಡಬ್ಬ ಕ್ಯಾಮರಾದ ನಾನು ಸದಸ್ಯ. ಸಭೆಯಲ್ಲಿ ಚಪ್ಪಾಳೆಗೆ ಒಬ್ಬನಾದರೂ ಬೇಕಲ್ಲ.

ಒಮ್ಮೆ ಸೂರ್ಯೋದಯಕ್ಕೆ ಸುರತ್ಕಲ್ಲಿನ ಕಡೆಯ ಕಡಲಿಗೆ ಹೋಗುವುದೆಂದಾಯಿತು. ನಮ್ಮ ಕಡಲಲ್ಲಿ ಸೂರ್ಯ ಮುಳುಗುವುದೇ ಹೊರತು ಹುಟ್ಟುವುದಿಲ್ಲ ಎಂದು ನಾನು ಜಾಣತನ ತೋರಿಸಿದೆ.

"ಸೂರ್ಯನ ಪಟ ಯಾರಿಗೆ ಬೇಕು ಮಾಸ್ಟ್ರೇ?" ಎಂದರು ನೇಮಿರಾಜಣ್ಣ. "ಬೆಳಿಗ್ಗೆ ಹೋದರೆ ಬೆಳಕು ನಮ್ಮ ಬೆನ್ನ ಹಿಂದಿನಿಂದ ಬರ್ತದೆ, ದೋಣಿಗೆ ನೇರ ಬೀಳ್ತದೆ. ನಾನು ದೋಣಿ ತೆಗೀತೇನೆ, ಮೀನು ತೆಗೆಯುವುದಿಲ್ಲ. ದೋಣಿಗೆ ಜೀವ ಇಲ್ಲವಲ್ಲ."

ನಾವು ತಲುಪಿದಾಗ ದಡದಲ್ಲಿ ರಂಪಣಿ ನಡೆದಿತ್ತು. ನೀವು ನೋಡಿರಲಿಕ್ಕಿಲ್ಲ. ಭಾರೀ ಬಲೆಯೊಂದನ್ನು ದೋಣಿಯಲ್ಲಿ ಒಯ್ದು ಕಡಲಲ್ಲಿ ಸುತ್ತು ಹಾಕಿ ಬರುತ್ತಾರೆ. ಆಮೇಲೆ ಅದರ ಎರಡು ತುದಿಯ ಹಗ್ಗಗಳನ್ನು ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತದೆ. ಎಷ್ಟೋ ಮನೆಗಳಿಗೆ ಸೇರಿ ಒಂದೇ ಬಲೆ. ತೆಂಗಿನ ಮರಗಳ ಸಂದಿಯಿಂದ ಬಂದ ಬಿಸಿಲು ಎಳೆಯುವವರ ಮುಖದ ಮೇಲೆ ಬೀಳುತ್ತಿತ್ತು. ನೇಮಿರಾಜಣ್ಣ ದೋಣಿಯನ್ನು ಮರೆತು ಮುಖಗಳನ್ನೇ ನೋಡುತ್ತ ನಿಂತರು.

ಅಷ್ಟರಲ್ಲಿ ನೀರಿನ ಸೆಳೆತ ಜೋರಾಯಿತು. ಬಲೆ ತೆಂಕು ಬದಿಯ ಬಂಡೆಗಳತ್ತ ಸರಿಯತೊಡಗಿತು. ಬಂಡೆಗೆ ಸಿಕ್ಕಿದರೆ ಬಲೆ ಹರಿಯುತ್ತದೆ, ಅಷ್ಟೂ ಮನೆಗಳ ಒಲೆ ಆರುತ್ತದೆ. ಬಡಗು ಬದಿಯ ಹಗ್ಗಕ್ಕೆ ಜನ ಸಾಲದು. ಅವರ ಮುಖಂಡ ನಮ್ಮ ಕಡೆ ಕೈ ಬೀಸಿದ. "ಬಲೆ, ಬಲೆ! ಪಟ ಆಮೇಲೆ ತೆಗೀರಿ ಮಾರಾಯ್ರೇ, ಹಗ್ಗಕ್ಕೆ ಕೈ ಕೊಡಿ!" ತುಳುವಿನಲ್ಲಿ 'ಬಲೆ' ಎಂದರೆ 'ಬನ್ನಿ'. ಆದರೆ ಅವನು ಕರೆದನೋ, ಬಲೆ ಹೋಯಿತೆಂದು ಅತ್ತನೋ ಆ ಗಳಿಗೆಯಲ್ಲಿ ತಿಳಿಯಲಿಲ್ಲ.

ನಾನೂ ಡಾಕ್ಟರರೂ ಓಡಿದೆವು. ಇರುವೆ ಕಂಡರೆ ದಾಟಿ ಹೆಜ್ಜೆ ಇಡುವ ನೇಮಿರಾಜಣ್ಣ ನಿಂತಲ್ಲೇ ಉಳಿದರು. ನಾವಿಬ್ಬರೂ ಅವರನ್ನು ಕರೆಯಲಿಲ್ಲ. ಆಗ ಹಗ್ಗದಲ್ಲಿದ್ದ ಮುದುಕಿಯೊಬ್ಬಳು ಮುಗ್ಗರಿಸಿ ಬಿದ್ದಳು. ಹಗ್ಗ ಅಷ್ಟುದ್ದ ಕಡಲಿಗೆ ಜಾರಿತು. ನಾನು ಹಿಂತಿರುಗಿ ನೋಡುವಾಗ ನೇಮಿರಾಜಣ್ಣ ಕ್ಯಾಮರಾವನ್ನು ಒಣ ಮರಳಿನ ಮೇಲಿಟ್ಟು, ವೇಷ್ಟಿ ಮೇಲಕ್ಕೆ ಕಟ್ಟಿ, ಮುದುಕಿಯನ್ನು ಬದಿಗೆ ಕೂರಿಸಿ ಅವಳ ಜಾಗದಲ್ಲಿ ನಿಂತಿದ್ದರು.

ಬಲೆ ಬಂಡೆಗೆ ಸಿಗಲಿಲ್ಲ. ದಡಕ್ಕೆ ಬಂದ ಬಂಗುಡೆಗಳು ರಾಶಿಯಾಗಿ ಹಾರುತ್ತಿದ್ದವು. ಎಲ್ಲರೂ ಕೇಕೆ ಹಾಕಿದರು. ನೇಮಿರಾಜಣ್ಣ ಮಾತ್ರ ಆ ಕಡೆಗೆ ಬೆನ್ನು ಹಾಕಿ, ಚರ್ಮ ಸುಲಿದ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು.

ಹಗ್ಗ ಎಳೆದವರಿಗೆಲ್ಲ ಪಾಲು ಉಂಟು ಎಂಬುದು ಅಲ್ಲಿಯ ಕ್ರಮ. ಮುಖಂಡ ಅಡಿಕೆ ಹಾಳೆಯಲ್ಲಿ ಮೀನು ತುಂಬಿಸಿ ಮೊದಲು ಅವರ ಮುಂದೆಯೇ ಹಿಡಿದ. "ಅವರು ಜೈನರು ಮಾರಾಯ," ಎಂದರು ಡಾಕ್ಟರರು. ಅವನ ಮುಖ ಸಣ್ಣದಾಯಿತು. "ತಪ್ಪಾಯ್ತು ಧಣಿ."

"ತಪ್ಪೆಂಥದ್ದು? ನನ್ನ ಪಾಲಲ್ಲವಾ? ಕೊಡಿ." ನೇಮಿರಾಜಣ್ಣ ಎರಡೂ ಕೈ ಚಾಚಿ ತೆಗೆದುಕೊಂಡರು. ನೇರ ಹೋಗಿ, ಮಂಡಿ ತಿಕ್ಕುತ್ತ ಕುಳಿತಿದ್ದ ಮುದುಕಿಯ ಮುಂದೆ ಇಟ್ಟರು. "ಅಕ್ಕಾ, ಇದು ನಿಮ್ಮ ಜಾಗದ್ದು."

"ನನ್ನದು ನನಗೆ ಸಿಗ್ತದೆ," ಎಂದಳು ಅವಳು. "ನಿಮಗೆ ಏನೂ ಬೇಡವಾ?"

"ಒಂದು ಪಟ ತೆಗೀಲಾ?"

ಅವಳು ಸೆರಗು ಸರಿಮಾಡಿಕೊಂಡು ಬಿಸಿಲಿಗೆ ಮುಖ ಕೊಟ್ಟಳು.

ಹಿಂದೆ ಬರುವಾಗ ಪಾಣೆಮಂಗಳೂರಿನ ಹೋಟೆಲಿನಲ್ಲಿ ನಾವಿಬ್ಬರು ಇಡ್ಲಿ ತಿಂದೆವು. ನೇಮಿರಾಜಣ್ಣ ನೀರು ಕುಡಿದರು, ಅಷ್ಟೇ. ಆ ದಿನ ಉಪವಾಸವಂತೆ.

"ಪಾಪ ಬಂತು ಅಂತ ಅನಿಸ್ತದಾ?" ನಾನು ಕೇಳಿಯೇಬಿಟ್ಟೆ.

"ಅನಿಸ್ತದೆ. ಅಷ್ಟು ಜೀವ ಹೋಯ್ತಲ್ಲ, ನನ್ನ ಕೈಯೂ ಉಂಟು ಅದರಲ್ಲಿ." ನೀರಿನ ಲೋಟ ಕೆಳಗಿಟ್ಟು ಹೇಳಿದರು: "ನಾಳೆ ಆ ಅಕ್ಕ ಪುನಃ ಬಿದ್ದರೆ ಪುನಃ ಹಿಡೀತೇನೆ ಮಾಸ್ಟ್ರೇ. ಪುನಃ ಉಪವಾಸ ಮಾಡ್ತೇನೆ. ಬೇರೆ ದಾರಿ ನನಗೆ ಗೊತ್ತಿಲ್ಲ."

ಮುದುಕಿಯ ಆ ಪಟ ಅಲುಗಿ ಹೋಗಿತ್ತು. ಅಲುಗಿದ್ದನ್ನು ಎಂದೂ ಹೊರಗೆ ತೋರಿಸದ ಮನುಷ್ಯ ಅದನ್ನೇ ದೊಡ್ಡದು ಮಾಡಿಸಿ ಅಂಗಡಿಯಲ್ಲಿ ತೂಗುಹಾಕಿದರು. ಸೀರೆ ಕೊಳ್ಳಲು ಬಂದವರು ಇದೇಕೆ ಹೀಗೆ ಎಂದರೆ, "ಹಗ್ಗ ಎಳೆದು ಬಂದ ಕೈ," ಎನ್ನುತ್ತಿದ್ದರು. ಡಾಕ್ಟರರಿಗೆ ಬೇರೆ ಊರಾದ ಮೇಲೆ ಸಂಘ ತನ್ನಷ್ಟಕ್ಕೆ ನಿಂತುಹೋಯಿತು. ನೇಮಿರಾಜಣ್ಣ ತೀರಿಕೊಂಡು ಬಹಳ ವರ್ಷವಾಯಿತು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಮೊಮ್ಮಗಳು ಮೊಬೈಲಿನಲ್ಲಿ ತಾನು ತೆಗೆದ ಪಟ ತೋರಿಸಿದಳು. "ಅಜ್ಜ, ಇದು ಶೇಕ್ ಆಗಿದೆ, ಡಿಲೀಟ್ ಮಾಡ್ತೇನೆ."

"ನಿಲ್ಲು," ಎಂದೆ. "ಈ ಪಟ ತೆಗೆಯುವ ಮೊದಲು ನಿನ್ನ ಕೈ ಏನು ಮಾಡ್ತಾ ಇತ್ತು, ಅದನ್ನು ಹೇಳು."