ಎರಡನೇ ಸಲ ಕೇಳಿದ ಮೇಡಂ

ಕಳೆದ ಫೆಬ್ರವರಿಯ ಒಂದು ಗುರುವಾರ ನನ್ನ ಮಗಳು ಧೃತಿ ನಾರ್ವೆಯಿಂದ ಫೋನು ಮಾಡಿ, ಮಾತಾಡಲಿಕ್ಕೇ ಆಗದ ಹಾಗೆ ಅತ್ತಳು. ನಾನು ಸಿದ್ಧಕಟ್ಟೆಯ ನಮ್ಮ ಮನೆಯಲ್ಲಿ ದೋಸೆಗೆ ಅಕ್ಕಿ ತೊಳೆಯುತ್ತಿದ್ದೆ. ಒದ್ದೆ ಕೈಯಲ್ಲೇ ಫೋನು ಹಿಡಿದು "ಏನಾಯ್ತು ಮಗಾ, ಹುಷಾರಿಲ್ವಾ?" ಎಂದೆ.

"ಲ್ಯಾಬಿನ ಸೀಟು ಹೋಯ್ತು ಅಮ್ಮ. ನಾನೇ ಬೇಡ ಅಂದೆ."

ಧೃತಿ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವವಳು. ಅವಳಿಗೆ ಹುಚ್ಚು ಕಲ್ಲುಹೂವಿನದ್ದು. ಬಂಡೆಗೂ ಮರಕ್ಕೂ ಅಂಟಿಕೊಂಡು ಬೆಳೆಯುವ, ನಾವು ಮಸಾಲೆಗೆ ಹಾಕುವ ಅದೇ ಕಲ್ಲುಹೂವು. ಬಸದಿಗೆ ಹೋದರೆ ಉಳಿದವರೆಲ್ಲ ದೇವರ ಮುಖ ನೋಡುತ್ತಾರೆ, ಇವಳು ಗೋಡೆಯ ಕಲ್ಲಿನ ಮುಖ ನೋಡುತ್ತಾಳೆ. ಅವಳ ಕಾಲೇಜಿಗೆ ಹೊರದೇಶದವರ ಜೊತೆ ನೇರ ಒಪ್ಪಂದ ಇಲ್ಲದ ಕಾರಣ, ವಿದ್ಯಾರ್ಥಿಗಳನ್ನು ಒಂದು ಸೆಮಿಸ್ಟರಿಗೆ ಕಳುಹಿಸುವ ಹೊರಗಿನ ಸಂಸ್ಥೆಯೊಂದರ ಮೂಲಕ ಹೋದಳು. ಆ ಸಂಸ್ಥೆಯವರನ್ನು ಮೆಚ್ಚಲೇಬೇಕು. ವೀಸಾ, ವಿಮೆ, ಕೋಣೆ, ನಮ್ಮ ಜೈನರ ಪದ್ಧತಿಯ ಗೆಡ್ಡೆ-ಬೆಳ್ಳುಳ್ಳಿ ಇಲ್ಲದ ಊಟ, ಎಲ್ಲವನ್ನೂ ಕೇಳಿ ಕೇಳಿ ಮಾಡಿಕೊಟ್ಟರು. ಚಳಿಗಾಲದಲ್ಲಿ ಅಲ್ಲಿ ಬೇಗ ಹೊತ್ತು ಮುಳುಗುತ್ತದೆ, ಈ ಹುಡುಗಿಗೆ ಕತ್ತಲಾಗುವ ಮೊದಲೇ ಊಟ ಬಡಿಸಬೇಕು ಎಂದು ಹಾಸ್ಟೆಲಿನ ಅಡುಗೆಯವರಿಗೆ ಹೇಳಿಟ್ಟದ್ದೂ ಅವರೇ. ಇಲ್ಲಿನ ಕಾಲೇಜಿನವರು ಹಾಕಿದ ಷರತ್ತು ಒಂದೇ. ಅಲ್ಲಿ ಯಾವುದಾದರೂ ಲ್ಯಾಬಿನಲ್ಲಿ ಪ್ರಾಜೆಕ್ಟ್ ಮಾಡಿ ಬರಬೇಕು, ಇಲ್ಲದಿದ್ದರೆ ಆ ಸೆಮಿಸ್ಟರ್ ಲೆಕ್ಕಕ್ಕಿಲ್ಲ, ಮಗಳು ಒಂದು ವರ್ಷ ಹಿಂದೆ ಬೀಳುತ್ತಾಳೆ.

ಕಲ್ಲುಹೂವಿನ ಅಧ್ಯಯನದಲ್ಲೇ ತಲೆ ಹಣ್ಣಾದ ಒಬ್ಬರು ಮೇಡಂ ಅಲ್ಲಿದ್ದಾರೆ. ಅವರ ಕೈಕೆಳಗೆ ಕಲಿಯಬೇಕೆಂದೇ ಇವಳು ಅಷ್ಟು ದೂರ ಹೋದದ್ದು. ಅವರು ಮೊದಲ ಭೇಟಿಯಲ್ಲೇ, "ನನ್ನ ಗುಂಪಿನಲ್ಲಿ ಒಂದು ಜಾಗ ಉಂಟು, ಬರುತ್ತೀಯಾ?" ಎಂದು ಕೇಳಿದರಂತೆ. ನಮ್ಮ ಮಗಳು ಹೇಳಿದ್ದೇನು? "ಪರವಾಗಿಲ್ಲ ಮೇಡಂ, ಬೇರೆ ಯಾರಿಗಾದರೂ ಬೇಕಿದ್ದರೆ ಕೊಡಿ." ಮೇಡಂ "ಸರಿ" ಎಂದು ಪಕ್ಕದಲ್ಲಿದ್ದ ಹುಡುಗನನ್ನು ಕೇಳಿದರು. ಅವನು ಬರುತ್ತೇನೆ ಎಂದ. ಅಲ್ಲಿಗೆ ಮುಗಿಯಿತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರ ಮನೆಗೆ ಹೋದರೂ "ಊಟ ಮಾಡುವ" ಎಂದರೆ ಮೊದಲ ಸಲ "ಬೇಡ, ಈಗಷ್ಟೇ ಆಯ್ತು" ಎನ್ನುತ್ತೇವೆ. ಎರಡನೇ ಸಲಕ್ಕೆ "ಛೆ, ನಿಮಗೆ ಯಾಕೆ ತೊಂದರೆ". ಮೂರನೇ ಸಲ ಕರೆದಾಗ ಕೈತೊಳೆಯಲು ಏಳುವುದು. ಒಂದೇ ಮಾತಿಗೆ ಹೂಂ ಎಂದವರನ್ನು ಬೆನ್ನ ಹಿಂದೆ ಆಡಿಕೊಳ್ಳುತ್ತೇವೆ. ಆ ದೇಶದಲ್ಲಿ ಒತ್ತಾಯ ಎನ್ನುವ ಪದ್ಧತಿಯೇ ಇಲ್ಲವಂತೆ, ಬೇಡ ಎಂದರೆ ಬೇಡ. ಮಗಳು ಅಲ್ಲಿ ಒಂದು ವಾರ ಕಾಫಿಯನ್ನೂ ಹೀಗೇ ಕಳೆದುಕೊಂಡಿದ್ದಾಳೆ.

"ಹೋಗಿ ಬಾಯಿಬಿಟ್ಟು ಕೇಳು ಮಗಾ" ಎಂದೆ. "ಯಾವ ಮುಖದಲ್ಲಿ ಕೇಳುವುದು ಅಮ್ಮ? ಈಗ ಜಾಗವೂ ಇಲ್ಲ" ಎಂದಳು. ಸಂಸ್ಥೆಯ ಸಂಯೋಜಕಿ ಬೇರೆ ಲ್ಯಾಬುಗಳಿಗೆಲ್ಲ ಫೋನು ಮಾಡಿದರು. ಎಲ್ಲ ಕಡೆ ಭರ್ತಿ. ಮುಂದಿನ ವಾರದೊಳಗೆ ಸಿಗದಿದ್ದರೆ ಊರಿಗೆ ವಾಪಸು ಹೋಗುವುದೇ ಒಳ್ಳೆಯದು ಎಂದು ಪಾಪ, ಅವರೂ ಬೇಸರದಿಂದಲೇ ಹೇಳಿದರು. ಆ ಕಲ್ಲುಹೂವು ಅವಳ ಜೀವ ಎಂದು ನನಗೆ ಗೊತ್ತು.

ಮರುದಿನ ಶುಕ್ರವಾರ. "ಮೂಡುಬಿದಿರೆ ಬಸದಿಗೆ ಹೋಗಿ ಪದ್ಮಾವತಿ ಅಮ್ಮನವರಲ್ಲಿ ಕೇಳ್ತೇನೆ" ಎಂದು ಸೀರೆ ಉಟ್ಟೆ. ನಮ್ಮ ಯಜಮಾನರು ಶಾಸ್ತ್ರ ಓದಿಕೊಂಡವರು, ದೇವರಲ್ಲಿ ಏನನ್ನೂ ಬೇಡಬಾರದು ಎನ್ನುವವರು.

"ಕೈಮುಗಿಯುವುದು ಕೇಳಲಿಕ್ಕಲ್ಲ ಮಾರಾಯ್ತಿ. ಎಲ್ಲ ಬಿಟ್ಟು ಹೋದ ತೀರ್ಥಂಕರರಿಗೆ ನಮ್ಮ ಲ್ಯಾಬ್ ಸೀಟು ಕಟ್ಟಿಕೊಂಡು ಏನಾಗ್ಬೇಕು?"

"ತೀರ್ಥಂಕರರಿಗೆ ಕೈಮುಗೀತೇನೆ, ಕೇಳುವುದು ಅಮ್ಮನವರಲ್ಲಿ. ಹೆತ್ತವಳ ಸಂಕಟ ಅವರಿಗೆ ಗೊತ್ತಾಗ್ತದೆ" ಎಂದು ಹೇಳಿ ಬಸ್ಸು ಹತ್ತಿದೆ.

ಬಸದಿಯಲ್ಲಿ ಪೂಜೆ ಮಾಡುವ ಇಂದ್ರರು ಅಮ್ಮನವರಿಗೆ ಆರತಿ ಎತ್ತಿದಾಗ ನನಗೆ ತಡೆಯಲಾಗಲಿಲ್ಲ. ಗಟ್ಟಿಯಾಗಿಯೇ ಹೇಳಿಬಿಟ್ಟೆ. "ಅಮ್ಮ, ಅವಳು ಬೇಡ ಅಂದದ್ದು ಬೇಡ ಅಂತ ಅಲ್ಲ. ನಿನಗಾದರೂ ಗೊತ್ತುಂಟಲ್ಲ. ಆ ಮೇಡಂ ಇನ್ನೊಂದು ಸಲ ಕೇಳುವ ಹಾಗೆ ಮಾಡು." ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ನೋಡಲಿ. ಇಂದ್ರರು ಏನೂ ಕೇಳದೆ ಕೈಗೆ ಹೂವು, ಕುಂಕುಮ ಕೊಟ್ಟರು.

ಮಧ್ಯಾಹ್ನ ವಾಪಸು ಬರುವಾಗ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಸಿದ್ಧಕಟ್ಟೆ ಇನ್ನೇನು ಬಂತು ಎನ್ನುವಾಗ ಫೋನು ಬಡಿದುಕೊಂಡಿತು. "ಅಮ್ಮಾ, ಸಿಕ್ಕಿತು!" ಎಂಬ ಕೂಗು ಅಕ್ಕಪಕ್ಕದವರಿಗೂ ಕೇಳಿತು.

ಆ ಬೆಳಿಗ್ಗೆ ಇವಳು ಕ್ಲಾಸಿಗೆ ಹೋಗುವ ದಾರಿಯಲ್ಲಿ ಒಂದು ಹಳೆಯ ಕಲ್ಲುಗೋಡೆಗೆ ಭೂತಗನ್ನಡಿ ಹಿಡಿದು ನಿಂತಿದ್ದಳಂತೆ. ಹಿಂದಿನಿಂದ ಬಂದ ಮೇಡಂ "ಏನು ನೋಡುತ್ತಿದ್ದೀ?" ಎಂದು ಕೇಳಿದರು. ನಮ್ಮೂರ ಬಸದಿಯ ಕಲ್ಲಿನ ಮೇಲೂ ಇದರ ಬಳಗ ಉಂಟು, ಇನ್ನೊಂದು ಜಾತಿಯದ್ದನ್ನು ಅಮ್ಮ ಹುರಿದು ಮಸಾಲೆಗೆ ಹಾಕುತ್ತಾರೆ ಎಂದು ಇವಳು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಮೇಡಂ ಚಳಿಯಲ್ಲಿ ನಿಂತು ಪೂರ್ತಿ ಕೇಳಿದರು. ಆಮೇಲೆ, "ನಾನು ಯಾರನ್ನೂ ಎರಡು ಸಲ ಕೇಳುವವಳಲ್ಲ. ಇವತ್ತು ಯಾಕೋ ಕೇಳಬೇಕು ಅನಿಸುತ್ತಿದೆ. ಆ ಹುಡುಗ ಬೇರೆ ಗುಂಪಿಗೆ ಹೋದ. ನೀನು..." ಎಂದರು. ಅವರ ಮಾತು ಮುಗಿಯುವ ಮೊದಲೇ ಇವಳು "ಬೇಕು ಮೇಡಂ, ಬೇಕು" ಎಂದು ಕೂಗಿದಳಂತೆ.

ಬಸ್ಸಿನಲ್ಲಿ ಕಂಬಿ ಹಿಡಿದುಕೊಂಡೇ ನಾನು ಅತ್ತೆ. ಕಂಡಕ್ಟರ್ "ಎಂತ ಅಕ್ಕ, ಯಾರಿಗಾದರೂ ಏನಾದರೂ ಆಯ್ತಾ?" ಎಂದು ಹೆದರಿದ. "ಒಳ್ಳೆಯದಾಯ್ತು ಮಾರಾಯ" ಎಂದೆ.

ಧೃತಿ ಜೂನ್‌ನಲ್ಲಿ ಪ್ರಾಜೆಕ್ಟ್ ಮುಗಿಸಿ ಬಂದಳು. ಕಾಲೇಜು ಒಪ್ಪಿಕೊಂಡಿತು, ವರ್ಷ ಉಳಿಯಿತು. ಅಷ್ಟು ದೊಡ್ಡ ವಿದ್ವಾಂಸೆ ನನ್ನ ಮಗಳ ಪಕ್ಕದಲ್ಲಿ ಕುಳಿತು ಸೂಕ್ಷ್ಮದರ್ಶಕ ಸರಿಮಾಡಿ ಕೊಡುತ್ತಿದ್ದರಂತೆ. ಅವರಿಗೆ ನಾನು ದಿನಾ ಮನಸ್ಸಿನಲ್ಲೇ ನಮಸ್ಕಾರ ಮಾಡುತ್ತೇನೆ. ಮೇಡಂ ದೊಡ್ಡವರು, ಮಗಳು ಜಾಣೆ, ಎರಡೂ ನಿಜ. ಆದರೆ ಎರಡು ಸಲ ಕೇಳದವರ ಬಾಯಲ್ಲಿ ಅದೇ ಶುಕ್ರವಾರ ಆ ಮಾತು ಬರಿಸಿದವರು ಯಾರೆಂದು ನನಗೆ ಯಾವ ಸಂಶಯವೂ ಇಲ್ಲ. ಶ್ರಾವಕ ಬಂಧುಗಳೇ, ನೆಂಟರ ಮನೆಯಲ್ಲಿ ಎಷ್ಟು ಬೇಕಾದರೂ ಬೇಡ ಎನ್ನಿ, ಅಮ್ಮನವರ ಎದುರು ಮಾತ್ರ ಸಂಕೋಚ ಮಾಡಬೇಡಿ.

ಮಗಳು ಬಂದ ವಾರ ಮೂವರೂ ಬಸದಿಗೆ ಹೋದೆವು. ತೀರ್ಥಂಕರರಿಗೆ ಕೈಮುಗಿದು ಯಾವಾಗಲೂ ನೇರ ಹೊರಗೆ ನಡೆಯುವ ನಮ್ಮವರು ಅಂದು ಅಮ್ಮನವರ ಎದುರು ಕಣ್ಣು ಮುಚ್ಚಿ ತುಂಬ ಹೊತ್ತು ನಿಂತರು. ತುಟಿ ಅಲ್ಲಾಡುತ್ತಿತ್ತು. ಮೆಟ್ಟಿಲಿಳಿಯುವಾಗ ಬಿಡುತ್ತೇನೆಯೇ, "ಏನು ಕೇಳಿದಿರಿ?" ಎಂದೆ.

"ಕೇಳಿದ್ದಲ್ಲ" ಎಂದರು, ಕನ್ನಡಕ ಒರೆಸುತ್ತ. "ನನ್ನ ಮಗಳಿಗೆ ಕೊಟ್ಟದ್ದಕ್ಕೆ ಉಪಕಾರ ಆಯ್ತು ಅಂತ ಹೇಳಿದ್ದು."